ತಾಪಮಾನದ ಸೆನ್ಸರ್‌ಗೆ ಕರ್ನಲ್‌ನಲ್ಲಿ ಎಲ್ಲಿ ಜಾಗ?

ಮಂಡ್ಯ ಜಿಲ್ಲೆಯ ರೇಷ್ಮೆ ಹುಳು ಸಾಕಣೆ ಮನೆಗಳಲ್ಲಿ ಚಾಕಿ (ಎಳೆಯ) ಹುಳುಗಳಿಗೆ 27–28 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಹುಳು ಐದನೆಯ ಹಂತಕ್ಕೆ ಬರುವ ಹೊತ್ತಿಗೆ ಅದು 24ರ ಆಸುಪಾಸಿಗೆ ಇಳಿಯಬೇಕು. ಇದನ್ನು ಗಮನಿಸಲು ಲಿನಕ್ಸ್ ನಡೆಸುವ ಪುಟ್ಟ ಕಂಪ್ಯೂಟರೊಂದನ್ನು ಗೋಡೆಗೆ ಹಾಕಿದರೆ, ಅದು ಎರಡು ತಾಪಮಾನಗಳನ್ನು ತಿಳಿದಿರಬೇಕಾಗುತ್ತದೆ: ಒಂದು ಕೋಣೆಯದು, ಇನ್ನೊಂದು ತನ್ನದೇ ಪ್ರೊಸೆಸರಿನದು. ಎರಡನ್ನೂ ಡಿಗ್ರಿಗಳಲ್ಲೇ ಹೇಳುತ್ತೇವಾದರೂ ಲಿನಕ್ಸ್‌ನ ತಿರುಳಾದ ಕರ್ನಲ್ ಅವೆರಡನ್ನು ಒಂದೇ ಉಪವ್ಯವಸ್ಥೆಗೆ ಒಪ್ಪಿಸಬೇಕೆಂದಿಲ್ಲ. ಹೊಸ ಸೆನ್ಸರ್‌ಗೆ ಡ್ರೈವರ್, ಅಂದರೆ ಅದನ್ನು ಕರ್ನಲ್‌ಗೆ ಜೋಡಿಸುವ ಪ್ರೋಗ್ರಾಂ, ಬರೆಯುವವರು ಮೊದಲು ಕೇಳಿಕೊಳ್ಳಬೇಕಾದದ್ದು ಚಿಪ್ ಏನನ್ನು ಅಳೆಯುತ್ತದೆ ಎಂದಲ್ಲ, ಯಾತಕ್ಕಾಗಿ ಅಳೆಯುತ್ತದೆ ಎಂದು.

ಯಂತ್ರದ ಆರೋಗ್ಯವನ್ನು ಕಾಯುವ ಸೆನ್ಸರ್‌ಗಳ ಜಾಗ ಎಚ್‌ಡಬ್ಲ್ಯೂಮಾನ್ (ಹಾರ್ಡ್‌ವೇರ್ ಮಾನಿಟರಿಂಗ್) ಎಂಬ ಉಪವ್ಯವಸ್ಥೆ. ಮದರ್‌ಬೋರ್ಡಿನ ಶಾಖ, ಫ್ಯಾನಿನ ವೇಗ, ವಿದ್ಯುತ್ ವೋಲ್ಟೇಜ್ ಎಲ್ಲವೂ ಅಲ್ಲಿ ಸಿಗುತ್ತವೆ. ಎಲ್‌ಎಂ75 ಇದರ ಹಳೆಯ ನಿವಾಸಿ. ಅರ್ಧ ಡಿಗ್ರಿಯ ಸೂಕ್ಷ್ಮತೆಯಷ್ಟೇ ಇರುವ ಈ ಚಿಪ್, ಶಾಖ ನಿಗದಿತ ಮಿತಿಯನ್ನು ದಾಟಿದರೆ ಎಚ್ಚರಿಕೆಯ ಸಂಕೇತ ಕೊಡುತ್ತದೆ, ಮತ್ತು ಕಾವಲಿಗೆ ಅಷ್ಟು ಸಾಕು. ಶಾಖ ಏರಿದಾಗ ಪ್ರೊಸೆಸರಿನ ವೇಗ ತಗ್ಗಿಸುವುದು ಅಥವಾ ಫ್ಯಾನ್ ಹೆಚ್ಚಿಸುವುದು ಥರ್ಮಲ್ ಎಂಬ ಮತ್ತೊಂದು ಉಪವ್ಯವಸ್ಥೆಯ ಕೆಲಸ.

ಹೊರಜಗತ್ತನ್ನು ಅಳೆಯುವ ಸಾಧನಗಳಿಗಾಗಿ 2009ರಲ್ಲಿ ಕರ್ನಲ್ ಸೇರಿದ್ದು ಐಐಒ, ಅಂದರೆ ಇಂಡಸ್ಟ್ರಿಯಲ್ ಐ/ಒ. ಇಲ್ಲಿ ಡ್ರೈವರ್ ಸಾಮಾನ್ಯವಾಗಿ ಚಿಪ್‌ನ ಕಚ್ಚಾ ಸಂಖ್ಯೆಯನ್ನೂ ಅದನ್ನು ಪರಿವರ್ತಿಸುವ ಗುಣಕವನ್ನೂ ಬೇರೆ ಬೇರೆಯಾಗಿ ಕೊಡುತ್ತದೆ. ಎಚ್‌ಡಬ್ಲ್ಯೂಮಾನ್ ಆದರೆ ಮಿಲಿಡಿಗ್ರಿಗಳಲ್ಲಿ ಲೆಕ್ಕ ಮಾಡಿದ ಸಂಖ್ಯೆಯನ್ನೇ ನೀಡುತ್ತದೆ. 0.0078 ಡಿಗ್ರಿಯಷ್ಟು ಸೂಕ್ಷ್ಮವಾಗಿ ಓದಬಲ್ಲ ಟಿಎಂಪಿ117, ವಸ್ತುವನ್ನು ಮುಟ್ಟದೆಯೇ ಅವಕೆಂಪು ಕಿರಣದಿಂದ ಅದರ ಶಾಖ ತಿಳಿಯುವ ಎಂಎಲ್‌ಎಕ್ಸ್90614, ಇವೆರಡರ ಡ್ರೈವರ್‌ಗಳೂ ಐಐಒದಲ್ಲಿವೆ. ಎರಡನೆಯದು ವಸ್ತುವಿನ ಶಾಖವನ್ನೂ ಸುತ್ತಲಿನ ಶಾಖವನ್ನೂ ಎರಡು ಪ್ರತ್ಯೇಕ ವಾಹಿನಿಗಳಲ್ಲಿ ಕೊಡುತ್ತದೆ. ವಸ್ತುವಿನ ಮೇಲ್ಮೈ ಶಾಖವನ್ನು ಎಷ್ಟು ಹೊರಸೂಸುತ್ತದೆ ಎಂಬುದನ್ನೂ ಅದಕ್ಕೆ ತಿಳಿಸಬಹುದು. ಇಂಥ ಸೂಕ್ಷ್ಮತೆಗಳನ್ನು ಮದರ್‌ಬೋರ್ಡಿನ ಕಾವಲಿಗೆಂದು ರೂಪಿಸಿದ ಚೌಕಟ್ಟಿಗೆ ತುರುಕುವುದು ನನಗೆ ಸರಿಯೆನಿಸುವುದಿಲ್ಲ.

ಆದರೂ ಗೆರೆ ಎಲ್ಲೆಡೆ ಸ್ಪಷ್ಟವಾಗಿಲ್ಲ. ಸಾಕಣೆ ಮನೆಗೆ ಶಾಖದಷ್ಟೇ ಮುಖ್ಯವಾದ ತೇವಾಂಶವನ್ನು ಅಳೆಯುವ ಚಿಪ್‌ಗಳಲ್ಲಿ ಡಿಎಚ್‌ಟಿ11ರ ಡ್ರೈವರ್ ಐಐಒದಲ್ಲಿದ್ದರೆ, ಎಸ್‌ಎಚ್‌ಟಿ3ಎಕ್ಸ್‌ದು ಎಚ್‌ಡಬ್ಲ್ಯೂಮಾನ್‌ನಲ್ಲಿದೆ. ಎರಡೂ ಗಾಳಿಯನ್ನೇ ಅಳೆಯುತ್ತವೆ! ಕರ್ನಲ್ ಅಳತೆಗಳನ್ನು ಕಡತಗಳಾಗಿ ತೋರಿಸುವುದರಿಂದ, ಬಳಕೆದಾರರ ಪ್ರೋಗ್ರಾಂ ಮಾತ್ರ ಅವನ್ನು ಎರಡು ಬೇರೆ ಬೇರೆ ಜಾಗಗಳಲ್ಲಿ, ಬೇರೆ ಹೆಸರಿನ ಕಡತಗಳಲ್ಲಿ ಹುಡುಕಬೇಕಾಗುತ್ತದೆ. ಹೀಗೆ ಒಮ್ಮೆ ಕಡತಗಳು ಹೊರಗೆ ಕಂಡ ಮೇಲೆ, ಅವನ್ನು ನಂಬಿ ನಡೆಯುವ ಪ್ರೋಗ್ರಾಂಗಳನ್ನು ಮುರಿಯಬಾರದೆಂಬುದು ಕರ್ನಲ್‌ನ ಕಟ್ಟುನಿಟ್ಟಿನ ನಿಯಮ. ಆದ್ದರಿಂದ ಡ್ರೈವರ್ ಅನ್ನು ಆಮೇಲೆ ಸರಿಯಾದ ಜಾಗಕ್ಕೆ ಒಯ್ಯುವುದು ಕಷ್ಟ. ಡ್ರೈವರ್ ಅನ್ನು ಕರ್ನಲ್‌ಗೆ ಸೇರಿಸುವ ಮುನ್ನ ನೋಡುವ ಪರಿಶೀಲಕರು ಅದರ ಮೊದಲ ಆವೃತ್ತಿಯಲ್ಲೇ ಈ ಪ್ರಶ್ನೆ ಎತ್ತುವುದು ತೊಡಕು ಮಾಡಲಿಕ್ಕಲ್ಲ. ಆಗ ಕೇಳದಿದ್ದರೆ ಮುಂದೆ ಕೇಳುವ ಅವಕಾಶವೇ ಬಹುತೇಕ ಇರುವುದಿಲ್ಲ.

ಕೆಲವರು ಐಐಒಗೆ ಹಾಕಿಬಿಟ್ಟರೆ ಸಾಕು, ಐಐಒ-ಎಚ್‌ಡಬ್ಲ್ಯೂಮಾನ್ ಎಂಬ ಸೇತುವೆ ಡ್ರೈವರ್ ಉಳಿದದ್ದನ್ನು ನೋಡಿಕೊಳ್ಳುತ್ತದೆ ಎನ್ನುತ್ತಾರೆ. ಅದು ಐಐಒದ ಅಳತೆಯನ್ನು ಎಚ್‌ಡಬ್ಲ್ಯೂಮಾನ್‌ನಲ್ಲೂ ಕಾಣಿಸುತ್ತದೆ ನಿಜ. ಆದರೆ ದಾಟಿಸುವುದು ಅಳತೆಯನ್ನಷ್ಟೇ. ಮಿತಿಗಳನ್ನೂ ಎಚ್ಚರಿಕೆಗಳನ್ನೂ ಅಲ್ಲ. ಚಿಪ್‌ನ ಮುಖ್ಯ ಉಪಯೋಗವೇ ಮಿತಿ ದಾಟಿದಾಗ ಎಚ್ಚರಿಸುವುದಾಗಿದ್ದರೆ, ಅದರ ಡ್ರೈವರ್ ನೇರವಾಗಿ ಎಚ್‌ಡಬ್ಲ್ಯೂಮಾನ್‌ನಲ್ಲೇ ಇರಬೇಕು; ಬೇರೇನನ್ನೋ ಅಳೆಯಲೆಂದೇ ತಂದ ಸೂಕ್ಷ್ಮ ಉಪಕರಣವಾದರೆ ಐಐಒಗೆ ಹೋಗಬೇಕು, ಕಾವಲಿಗೂ ಅದರ ಅಳತೆ ಬೇಕಾದರೆ ಆಗ ಸೇತುವೆಯನ್ನು ಬಳಸಿಕೊಳ್ಳಬಹುದು.