ಸಹಿ ಬಿಡಿ, ಸ್ಕ್ರೂ ಬಿಚ್ಚಿ

ಕಳೆದ ಮಳೆಗಾಲದಲ್ಲಿ ಮಣಿಪಾಲದ ಒಬ್ಬ ಹುಡುಗ ಮಂಗಳೂರು ಬೆಂದೂರಿನ ನನ್ನ ರಿಪೇರಿ ಕೋಣೆಗೆ ಬಂದ. ಮೈಯೆಲ್ಲಾ ಒದ್ದೆ, ಗಿಟಾರ್ ಮಾತ್ರ ಒಣ. ಎರಡೆರಡು ಪ್ಲಾಸ್ಟಿಕ್ ಸುತ್ತಿ ತಂದಿದ್ದ. ಅಮೆರಿಕದ ಫೆಂಡರ್ ಕಂಪನಿಯ ಎಲೆಕ್ಟ್ರಿಕ್ ಗಿಟಾರ್ ಸ್ಟ್ರಾಟೊಕಾಸ್ಟರ್ (ನಮ್ಮ ಬಾಯಲ್ಲಿ ಸ್ಟ್ರಾಟ್), ಇಂಗ್ಲೆಂಡಿನ ಗಿಟಾರ್ ವಾದಕ ಎರಿಕ್ ಕ್ಲ್ಯಾಪ್ಟನ್ ಹೆಸರಿನ ಮಾದರಿ, 1994ರದ್ದು ಅಂತ ಮಾರುವವರು ಹೇಳಿದ್ದರಂತೆ. ದುಬೈಯಿಂದ ಬಂದದ್ದು, ಇಪ್ಪತ್ತು ವರ್ಷ ಕಡಲತಡಿಯ ಉಳ್ಳಾಲದ ಮನೆಯಲ್ಲೇ ಇತ್ತು ಅಂತ ಕಥೆ. ಅಡ್ವಾನ್ಸ್ ಕೊಟ್ಟಾಗಿದೆ.

"ಸರ್, ಸೈನ್ ನೋಡಿ. ಕ್ಲ್ಯಾಪ್ಟನ್ ಅವರದ್ದೇ ಅಲ್ವಾ?"

"ಅವರು ಈ ಗಿಟಾರನ್ನು ಕಣ್ಣಲ್ಲೂ ನೋಡಿಲ್ಲ ಮಾರಾಯ. ಇದು ಒರಿಜಿನಲ್ ಆಗಿದ್ರೂ ನೋಡಿರ್ತಿರಲಿಲ್ಲ."

ಹುಡುಗನ ಮುಖ ಸಣ್ಣದಾಯಿತು. ಆದರೆ ಈ ತಪ್ಪು ತಿಳುವಳಿಕೆ ತುಂಬಾ ಜನಕ್ಕೆ ಉಂಟು. ಸಿಗ್ನೇಚರ್ ಮಾದರಿ ಅಂದರೆ ಕಲಾವಿದ ಕೂತು ಸಹಿ ಹಾಕಿದ ಗಿಟಾರ್ ಅಲ್ಲ. ಅವನಿಗೆ ಬೇಕಾದ ಹಾಗೆ ಕಂಪನಿ ಮಾಡಿ ಮಾರುವ ಮಾದರಿ. ಸಹಿ ಬರೀ ಅಚ್ಚು. ಫೆಂಡರ್ 1988ರಲ್ಲಿ ಕ್ಲ್ಯಾಪ್ಟನ್ ಮಾದರಿಯಿಂದಲೇ ಇದನ್ನು ಶುರು ಮಾಡಿತು. ಇನ್ನೊಂದು ಗಿಟಾರ್ ಕಂಪನಿ ಗಿಬ್ಸನ್ನಿನ ಲೆಸ್ ಪಾಲ್ ಕೂಡ ಇದೇ ಜಾತಿ. ಅದು ಗಿಟಾರಿನ ಹೆಸರಾಗುವ ಮೊದಲು ಒಬ್ಬ ವಾದಕನ ಹೆಸರು. 1952ರಿಂದ ಅವರ ಸಹಿ ಗಿಟಾರಿನ ತಲೆಯ ಮೇಲಿದೆ. ಕೈಯಾರೆ ಸಹಿ ಹಾಕಿದ್ದೂ ಇಲ್ಲ ಅಂತಲ್ಲ. ಐಬನೇಜ್ ಕಂಪನಿ 1987ರಲ್ಲಿ ಹಸಿರು ಬಣ್ಣದ ಜೆಮ್ 777 ಗಿಟಾರ್ ಮಾಡಿದ್ದೇ 777. ಅವಕ್ಕೆ ಗಿಟಾರ್ ವಾದಕ ಸ್ಟೀವ್ ವಾಯ್ ಸಹಿ ಹಾಕಿದ್ದರು. ಅಂಥದ್ದು ನನ್ನ ಮೇಜಿಗೆ ಇನ್ನೂ ಬಂದಿಲ್ಲ.

ಹಾಗಾಗಿ ನಾನು ಸಹಿ ನೋಡುವುದೇ ಕೊನೆಗೆ. ನಕಲು ಮಾಡುವವನಿಗೆ ಎಲ್ಲಕ್ಕಿಂತ ಸುಲಭ ಅದು. ಕ್ಲ್ಯಾಪ್ಟನ್‌ಗೆ ಬೇಕಾಗಿದ್ದದ್ದು ಈ ಗಿಟಾರ್ ಒಳಗೆ ಉಂಟಾ, ಅದನ್ನು ಮೊದಲು ನೋಡುತ್ತೇನೆ. ಅವರಿಗೆ ಸ್ಟ್ರಾಟ್‌ನಿಂದಲೇ ದಪ್ಪ ದನಿ ಬೇಕಿತ್ತು. ಅದಕ್ಕೆ ಒಳಗೆ ಒಂದು ಸಣ್ಣ ಸರ್ಕ್ಯೂಟ್, 9 ವೋಲ್ಟ್ ಬ್ಯಾಟರಿ. ಮೂರನೇ ನಾಬ್ ತಿರುಗಿಸಿದರೆ ಮಿಡ್, ಅಂದರೆ ನಡು ಶ್ರುತಿಯ ದನಿ, 25 ಡೆಸಿಬೆಲ್‌ವರೆಗೆ ಏರುತ್ತದೆ. ಕಿವಿ ಇದ್ದವನಿಗೆ ಮೀಟರ್ ಬೇಡ, ತೆಳು ದನಿ ಕಣ್ಣೆದುರೇ ದಪ್ಪವಾಗುತ್ತದೆ.

ಆಂಪ್ಲಿಫೈಯರ್‌ಗೆ ಹಾಕಿ ಮೂರನೇ ನಾಬ್ ತಿರುಗಿಸಿದೆ. ದಪ್ಪ ಆಗುವ ಬದಲು ದನಿ ಮಂಕಾಯಿತು. ಮಾಮೂಲಿ ಟೋನ್ ಕಂಟ್ರೋಲ್.

ತಂತಿಯ ಕಂಪನ ಹಿಡಿಯುವ ಪಿಕ್‌ಅಪ್ ನೋಡಿದೆ. 2001ರ ಹೊತ್ತಿನವರೆಗೆ ಈ ಮಾದರಿಗೆ ಬರುತ್ತಿದ್ದದ್ದು ಲೇಸ್ ಸೆನ್ಸರ್. ಅದರ ಮೇಲ್ಭಾಗ ಚಪ್ಪಟೆ, ಮಾಮೂಲಿ ಸ್ಟ್ರಾಟ್‌ನ ಹಾಗೆ ಆರು ಲೋಹದ ಚುಕ್ಕೆ ಕಾಣುವುದಿಲ್ಲ. ಇದರಲ್ಲಿ ಆರೂ ಇತ್ತು. ಆದರೆ ಇಷ್ಟಕ್ಕೇ ತೀರ್ಪು ಕೊಡಬಾರದು. ಪಿಕ್‌ಅಪ್ ಬದಲಾಯಿಸುವುದು ನಮ್ಮಲ್ಲಿ ಸ್ಕೂಟರ್‌ಗೆ ಸೀಟ್ ಕವರ್ ಹಾಕಿದಷ್ಟೇ ಮಾಮೂಲು. ಸರ್ಕ್ಯೂಟನ್ನೂ ಕಿತ್ತು ಹಾಕಿದವರಿದ್ದಾರೆ.

ಸ್ಟ್ರಿಂಗ್ ಸಡಿಲ ಮಾಡಿ ಮುಂದಿನ ಪ್ಲಾಸ್ಟಿಕ್ ಹಲಗೆ, ಅಂದರೆ ಪಿಕ್‌ಗಾರ್ಡಿನ 11 ಸ್ಕ್ರೂ ಬಿಚ್ಚಿದೆ. ನಾನು ಮೊದಲು ಹುಡುಕುವುದು ನಾಬ್‌ಗಳ ಕೆಳಗೆ ದನಿ ಏರಿಸಿ ಇಳಿಸುವ ಪಾಟ್ (ಪೊಟೆನ್ಶಿಯೋಮೀಟರ್). ಅಮೆರಿಕದ ಗಿಟಾರ್‌ಗಳಲ್ಲಿ ಹೆಚ್ಚಾಗಿ ಸಿಟಿಎಸ್ ಕಂಪನಿಯದ್ದು, ಹತ್ತಿರಹತ್ತಿರ ಎರಡು ರೂಪಾಯಿ ನಾಣ್ಯದಷ್ಟು ಅಗಲ. ಬೆನ್ನಿನ ಮೇಲೆ ನಂಬರ್ ಒತ್ತಿರುತ್ತದೆ. ಉದಾಹರಣೆಗೆ 1379332. ಅದರಲ್ಲಿ 137 ಅಂದರೆ ಸಿಟಿಎಸ್, 93 ವರ್ಷ, 32 ವಾರ. ಪಾಟ್ ಗಿಟಾರ್‌ಗಿಂತ ಹಳೆಯದಾಗಿರಬಹುದು, ಯಾಕೆಂದರೆ ಕಂಪನಿಯ ಗೋಡೌನ್‌ನಲ್ಲಿ ಕೂತಿರುತ್ತದೆ. ಹೊಸದಾಗಿದ್ದರೆ ಒಂದೋ ಯಾರೋ ಬದಲಾಯಿಸಿದ್ದಾರೆ, ಇಲ್ಲವೇ ಮಾರುವವರು ಹೇಳುವ ವರ್ಷ ಸುಳ್ಳು. ಈ ಗಿಟಾರಿನ ಪಾಟ್‌ಗಳು ಹಳೆಯ ಐವತ್ತು ಪೈಸೆಗಿಂತ ಸಣ್ಣವು. ನಂಬರ್ ಇಲ್ಲ. ಸೋಲ್ಡರ್ ಪಳಪಳ.

ಹಿಂದಿನ ಮುಚ್ಚಳ ತೆಗೆದೆ. ಕ್ಲ್ಯಾಪ್ಟನ್ ಟ್ರೆಮೊಲೊ, ಅಂದರೆ ತಂತಿ ಕೂರುವ ಬ್ರಿಡ್ಜನ್ನು ಅಲುಗಿಸಿ ಶ್ರುತಿ ಬಾಗಿಸುವ ಏರ್ಪಾಡು, ಬಳಸುವವರಲ್ಲ, ಹಾಗಾಗಿ ಕಂಪನಿಯೇ ಅದನ್ನು ಅಲುಗದಂತೆ ಮರದ ತುಂಡಿಟ್ಟು ಕಟ್ಟಿಹಾಕುತ್ತದೆ. ಇಲ್ಲಿ ತುಂಡೂ ಇಲ್ಲ, ಯಾವತ್ತೋ ಇತ್ತು ಅನ್ನುವ ಗುರುತೂ ಇಲ್ಲ.

ಆದರೆ ನಿಜ ಹೇಳಬೇಕೆಂದರೆ, ನನಗೆ ಸಂಶಯ ಬಂದದ್ದು ಅದಕ್ಕಿಂತ ಮೊದಲೇ. ಬ್ರಿಡ್ಜ್ ಮೇಲೆ ಸ್ಟ್ರಿಂಗ್ ಎತ್ತರ ಸರಿಮಾಡುವ ಸಣ್ಣ ಸ್ಕ್ರೂಗಳಿರುತ್ತವಲ್ವಾ? ಕಡಲ ಗಾಳಿ ಮೊದಲು ತಿನ್ನುವುದು ಅದನ್ನೇ. ನನ್ನ ಮೇಜಿಗೆ ಬರುವ ಚರ್ಚ್ ಕಾಯರ್ ಗಿಟಾರ್‌ಗಳಲ್ಲಿ ಐದಾರು ವರ್ಷಕ್ಕೇ ಕಂದು ಪುಡಿ ಉದುರುತ್ತದೆ, ತಿರುಗಿಸುವ ಆರು ಮೂಲೆಯ ಆಲನ್ ಕೀ ಕೂರುವುದಿಲ್ಲ. ಇಪ್ಪತ್ತು ವರ್ಷ ಉಳ್ಳಾಲದಲ್ಲಿ ಇದ್ದ ಗಿಟಾರಿನ ಸ್ಕ್ರೂ ಕನ್ನಡಿಯ ಹಾಗೆ ಹೊಳೆದರೆ? ಬದಲಾಯಿಸಿರಬಹುದು. ಆದರೆ ಪಿಕ್‌ಗಾರ್ಡ್ ಸ್ಕ್ರೂನಿಂದ ಹಿಡಿದು ಸ್ಪ್ರಿಂಗ್‌ನವರೆಗೆ ಎಲ್ಲವನ್ನೂ ಯಾರು ಬದಲಾಯಿಸುತ್ತಾರೆ?

"ಆದ್ರೆ ಸೀರಿಯಲ್ ನಂಬರ್ ಸರಿ ಉಂಟಲ್ವಾ ಸರ್?" ಹುಡುಗ ಬಿಡಲಿಲ್ಲ. ಸರಿಯೇ ಇತ್ತು. ಎಸ್‌ಎನ್4 ಅಂತ ಶುರು. 80ರ ದಶಕದ ಸಿಗ್ನೇಚರ್ ಮಾದರಿಗೆ ಎಸ್‌ಇ, 90ರ ದಶಕದ್ದಕ್ಕೆ ಎಸ್‌ಎನ್. ಆದರೆ ಮಾರಾಟದ ಫೋಟೋ ನೋಡಿ ನಂಬರ್ ಬರೆದುಕೊಳ್ಳಲು ಎಷ್ಟು ಹೊತ್ತು ಬೇಕು? ನಂಬರ್ ತಪ್ಪಿದ್ದರೆ ಡೂಪ್ಲಿಕೇಟ್ ಅಂತ ಹೇಳಬಹುದು, ಸರಿಯಿದ್ದರೆ ಏನೂ ಹೇಳಲಾಗುವುದಿಲ್ಲ.

ಗಿಬ್ಸನ್‌ನಲ್ಲಿ ಮಾತ್ರ ನಂಬರ್ ಕೆಲವೊಮ್ಮೆ ತಾನೇ ಸಿಕ್ಕಿಬೀಳುತ್ತದೆ. 1977ರಿಂದ 2005ರವರೆಗಿನ ಹೆಚ್ಚಿನ ಮಾದರಿಗಳಲ್ಲಿ ಎಂಟು ಅಂಕಿ. ಒಂದನೇ ಮತ್ತು ಐದನೇ ಅಂಕಿ ವರ್ಷ, ನಡುವಿನ ಮೂರು ಆ ವರ್ಷದ ಎಷ್ಟನೇ ದಿನ ಅನ್ನುವುದು. ಒಮ್ಮೆ ಒಬ್ಬರು ತಂದದ್ದರಲ್ಲಿ ಆ ಜಾಗದಲ್ಲಿ 412 ಇತ್ತು. ವರ್ಷದ 412ನೇ ದಿನ! ತಲೆಯ ಮೇಲಿನ ಸಣ್ಣ ಗಂಟೆಯಾಕಾರದ ಮುಚ್ಚಳಕ್ಕೆ ಗಿಬ್ಸನ್ ಎರಡೇ ಸ್ಕ್ರೂ ಹಾಕುತ್ತದೆ. ಅದರಲ್ಲಿ ಮೂರಿತ್ತು. ಒಳಗೆ ಕತ್ತಿನ ಕಂಬಿ ಬಿಗಿಮಾಡುವ ಹಿತ್ತಾಳೆ ನಟ್ ಇರಬೇಕಾದಲ್ಲಿ ಆಲನ್ ಕೀ ತೂತು. ಹತ್ತು ನಿಮಿಷದ ಕೆಲಸ.

ಮಣಿಪಾಲದ ಹುಡುಗ ಅಡ್ವಾನ್ಸ್ ವಾಪಸ್ ಕೇಳಲು ಅಲ್ಲಿಂದಲೇ ಫೋನ್ ಮಾಡಿದ. ಆ ಕಡೆಯಿಂದ ಎತ್ತಲಿಲ್ಲ. ಮರುದಿನವೂ ಇಲ್ಲ. ಗಿಟಾರ್ ಇವನಲ್ಲೇ ಉಳಿಯಿತು. ಕೆಟ್ಟ ಗಿಟಾರೇನೂ ಅಲ್ಲ, ಕತ್ತು ನೇರ ಇತ್ತು. ಕತ್ತಿನ ಫ್ರೆಟ್ ಪಟ್ಟಿ ಸರಿಮಾಡಿ, ಒಳ್ಳೆ ಪಾಟ್ ಹಾಕಿಕೊಡುತ್ತೇನೆ ಅಂದೆ. ಒಂದೇ ಷರತ್ತು: ಸಹಿ ತೆಗೆಯಬೇಕು. ಇವನು ನಾಳೆ ಮಾರುವಾಗ ಇನ್ನೊಬ್ಬ ಅದನ್ನು ಹಿಡಿದುಕೊಂಡು ನನ್ನ ಬಾಗಿಲಿಗೇ ಬರುತ್ತಾನೆ. ಸ್ವಲ್ಪ ಯೋಚಿಸಿ ಒಪ್ಪಿದ. ಸಹಿ ವಾರ್ನಿಷ್ ಮೇಲೇ ಅಂಟಿಸಿದ್ದು, ಉಗುರಿಗೇ ಎದ್ದು ಬಂತು.

ಬ್ರಿಡ್ಜ್ ಸ್ಕ್ರೂಗಳಿಗೆ ಒಂದೊಂದು ಹನಿ ಎಣ್ಣೆ ಬಿಟ್ಟು ಕಳಿಸಿದೆ.