ನೀರೊಳಗಿನ ಹಾಕಿ: ಮರದ ಸ್ಟಿಕ್ ಹೋಗಿ ಪ್ಲಾಸ್ಟಿಕ್ ಬಂದಿದ್ದು ಹೇಗೆ?

ನೀರೊಳಗಿನ ಹಾಕಿ ಅಂದರೆ ಈಜುಕೊಳದ ತಳದಲ್ಲಿ ಪಕ್ ಅನ್ನೋ ಭಾರದ ಬಿಲ್ಲೆಯನ್ನು ಪುಟ್ಟ ಸ್ಟಿಕ್‌ನಿಂದ ತಳ್ಳುತ್ತಾ ಆಡುವ ಆಟ. ಇದಕ್ಕೆ ಒಬ್ಬ ಆಟಗಾರನಿಗೆ ಎರಡು ಸ್ಟಿಕ್ ಬೇಕು, ಒಂದು ಕಪ್ಪು, ಒಂದು ಬಿಳಿ. ಒಂದು ತಂಡ ಕಪ್ಪು ಹಿಡಿದರೆ ಇನ್ನೊಂದು ಬಿಳಿ ಹಿಡಿಯುತ್ತದೆ. ಮರದ ಸ್ಟಿಕ್ ಹಿಂದೆ ಸರಿದಿದ್ದಕ್ಕೆ ಗಟ್ಟಿತನ ಎಷ್ಟು ಕಾರಣವೋ ಈ ನಿಯಮವೂ ಅಷ್ಟೇ ಕಾರಣ ಅಂತ ನನಗೆ ಅನಿಸುತ್ತದೆ.

ಆಟ ಹುಟ್ಟಿದ್ದು 1954ರಲ್ಲಿ, ಇಂಗ್ಲೆಂಡಿನ ಸೌತ್‌ಸೀಯಲ್ಲಿ. ಚಳಿಗಾಲದಲ್ಲಿ ಸಮುದ್ರಕ್ಕೆ ಇಳಿಯೋಕಾಗದೆ ಡೈವಿಂಗ್ ಕ್ಲಬ್‌ನವರು ಸುಮ್ನೆ ಕೂರಬಾರದು ಅಂತ ಅಲನ್ ಬ್ಲೇಕ್ ಈಜುಕೊಳದಲ್ಲಿ ಆಡುವ ಆಟವೊಂದನ್ನು ಕಟ್ಟಿದರು. ಆಗ ಅದರ ಹೆಸರು ಆಕ್ಟೋಪುಷ್. ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದಿದ್ದು 1980ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ.

ಮರದ ಸ್ಟಿಕ್ ಮಾಡೋದು ಸುಲಭ. ಗರಗಸ, ಅರ, ಉಪ್ಪುಕಾಗದ ಇದ್ದರೆ ಸಾಕು. ಕಷ್ಟ ಶುರುವಾಗೋದು ನೀರಿಗೆ ಇಳಿದ ಮೇಲೆ. ಪಕ್ ಅಂದರೆ ಒಳಗೆ ಸೀಸ, ಮೇಲೆ ಪ್ಲಾಸ್ಟಿಕ್ ಹೊದಿಕೆ, ತೂಕ ಹೆಚ್ಚುಕಮ್ಮಿ 1.3 ಕೆ.ಜಿ. ಅದು ಒಂದು ಕಡೆಯಿಂದ ಬಡಿಯುತ್ತದೆ, ಕೆಳಗೆ ಕೊಳದ ಟೈಲ್ಸ್ ಉಜ್ಜುತ್ತದೆ. ವಾರ್ನಿಷ್ ಎದ್ದ ಕಡೆ ನೀರು ಒಳಗೆ ಸೇರಿ ಮರ ಉಬ್ಬುತ್ತದೆ. ಇನ್ನು ಕೊಕ್ಕೆಯ ಹಾಗೆ ಬಾಗಿರುವ ತುದಿ: ಹಿಡಿಯ ಉದ್ದಕ್ಕೂ ಸಾಗುವ ಮರದ ಎಳೆ ಅಲ್ಲಿಗೆ ಬಂದಾಗ ಅಡ್ಡಡ್ಡ ಕತ್ತರಿಸಿ ಹೋಗಿರುತ್ತದೆ, ಹಾಗಾಗಿ ಮುರಿಯೋದು ಜಾಸ್ತಿ ಅಲ್ಲೇ. ಬಣ್ಣ ಉದುರಿದರೆ ಬಿಳಿ ಸ್ಟಿಕ್‌ನಲ್ಲಿ ಕಂದು ಕಾಣುತ್ತದೆ. ಮತ್ತೆ ಬಳಿಯಬೇಕು, ಒಣಗಿಸಬೇಕು.

ಇದೆಲ್ಲ ಸಹಿಸಿಕೊಳ್ಳಬಹುದಿತ್ತು, ಪಕ್ ಅನ್ನು ನೆಲದ ಮೇಲೆ ತಳ್ಳೋದಷ್ಟೇ ಆಟ ಆಗಿದ್ದಿದ್ದರೆ. ಆದರೆ ಇವತ್ತಿನ ಆಟದಲ್ಲಿ ಮಣಿಕಟ್ಟು ತಿರುಗಿಸಿ ಫ್ಲಿಕ್ ಮಾಡಿದರೆ ಪಕ್ ತಳದಿಂದ ಎದ್ದು ಎದುರಾಳಿಯನ್ನು ದಾಟಿ ಮೇಲಿಂದ ಹಾರಿ ಹೋಗುತ್ತದೆ. ಪಕ್ ಕೂರುವ ಅಂಚಿನ ಬಾಗು ಸ್ವಲ್ಪ ಬದಲಾದರೂ ಅದು ಏಳುವ ರೀತಿ ಬದಲಾಗುತ್ತದೆ. ಕೈಗೆ ಅಭ್ಯಾಸ ಆಗಬೇಕಾದರೆ ಅಂಚು ಇದ್ದ ಹಾಗೇ ಇರಬೇಕಲ್ವಾ? ಕೈಯಲ್ಲಿ ಕೆತ್ತಿದ ಕಪ್ಪು ಸ್ಟಿಕ್ ಮತ್ತು ಬಿಳಿ ಸ್ಟಿಕ್ ಪೂರ್ತಿ ಒಂದೇ ಥರ ಬರೋದು ಬಹಳ ಕಷ್ಟ.

ಅಚ್ಚು ಈ ಸಮಸ್ಯೆಯನ್ನು ಬಗೆಹರಿಸಿತು. ಚೆನ್ನಾಗಿ ಆಡುವ ಒಂದು ಸ್ಟಿಕ್ ತಗೊಂಡು ಅದರ ಸುತ್ತ ರಬ್ಬರ್ ಅಚ್ಚು ಮಾಡಿ, ಬಣ್ಣ ಕಲಸಿದ ರೆಸಿನ್ (ಸುರಿದ ಮೇಲೆ ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್) ಸುರಿದರೆ ಕಪ್ಪು, ಬಿಳಿ ಎರಡೂ ಅವಳಿಜವಳಿಯ ಹಾಗೆ ಬರುತ್ತವೆ. ಬಣ್ಣ ಒಳಗಿನವರೆಗೂ ಇರುವುದರಿಂದ ಗೀರು ಬಿದ್ದರೂ ಕಪ್ಪು ಕಪ್ಪೇ. ದಪ್ಪ ಪ್ಲಾಸ್ಟಿಕ್ ಹಾಳೆಯಿಂದ ಮೆಷಿನ್‌ನಲ್ಲಿ ಕತ್ತರಿಸುವುದೂ ಉಂಟು. ಅದರಲ್ಲಿ ಪಾಲಿಎಥಿಲೀನ್ ಆದರೆ ಮರದ ಹಾಗೆ ತೇಲುತ್ತದೆ, ನೈಲಾನ್ ಮುಳುಗುತ್ತದೆ. ಎಡಗೈ, ಬಲಗೈಗೆ ಬೇರೆ ಬೇರೆ ಅಚ್ಚು ಬೇಕಾಗುತ್ತದೆ, ಯಾಕಂದರೆ ಹೆಚ್ಚಿನ ವಿನ್ಯಾಸಗಳಲ್ಲಿ ಬಾಗು ಒಂದೇ ಕಡೆಗೆ.

ನಿಯಮಗಳೂ ಜೊತೆಗೇ ಬದಲಾದವು. ಮೊದಲು ಇಡೀ ಸ್ಟಿಕ್ ಒಂದೇ ವಸ್ತುವಿನದ್ದಾಗಿರಬೇಕಿತ್ತು, ಆಮೇಲೆ ಅದನ್ನು ಸಡಿಲಿಸಿದರು. ಈಗಿನ ನಿಯಮದ ಪ್ರಕಾರ ಹಿಡಿ ಸೇರಿ ಇಡೀ ಸ್ಟಿಕ್ 100 × 50 × 350 ಮಿ.ಮೀ. ಅಳತೆಯ ಡಬ್ಬಿಯೊಳಗೆ ಹಿಡಿಸಬೇಕು. ಸ್ಟಿಕ್ ಪಕ್‌ನ ಅರ್ಧಕ್ಕಿಂತ ಜಾಸ್ತಿ ಭಾಗವನ್ನು ಸುತ್ತುವರಿಯುವ ಹಾಗಿಲ್ಲ. ಅಂಚು ಎಷ್ಟು ದುಂಡಗಿರಬೇಕು ಅನ್ನೋದಕ್ಕೂ ಲೆಕ್ಕ ಇದೆ, ಅದು ಬೇಕೇ ಬೇಕು: ತಳದಲ್ಲಿ ಕೈಗಳೆಲ್ಲ ಒಂದೇ ಜಾಗದಲ್ಲಿ ಇರುತ್ತವೆ, ಗಟ್ಟಿ ಪ್ಲಾಸ್ಟಿಕ್ ಬೆರಳಿಗೆ ಬಡಿದರೆ ಕೈಗವಸು ಇದ್ದರೂ ನೋವೇ.

ಹಾಗಂತ ಮರಕ್ಕೆ ಕೆಲಸ ತಪ್ಪಬೇಕಿಲ್ಲ. ಹೊಸ ಆಕಾರ ಹುಡುಕುವವರು ಮೊದಲು ಮರದಲ್ಲಿ ಕೆತ್ತಿ, ಆಡಿ, ತಿದ್ದಿ, ಸರಿ ಅನಿಸಿದ ಮೇಲೆ ಅಚ್ಚು ಮಾಡಿದರೆ ಖರ್ಚೂ ಕಡಿಮೆ. ಪ್ಲಾಸ್ಟಿಕ್‌ಗೂ ಸವೆತ ಇದ್ದೇ ಇದೆ. ಟೈಲ್ಸ್‌ಗೆ ತಾಗಿ ಅಂಚು ಕಚ್ಚು ಬಿದ್ದು ಚೂಪಾಗುತ್ತದೆ, ಅದನ್ನು ಮುಂದಿನ ಆಟಕ್ಕೆ ಮೊದಲೇ ಉಪ್ಪುಕಾಗದದಲ್ಲಿ ಉಜ್ಜಿ ದುಂಡಗೆ ಮಾಡಿಕೊಳ್ಳಿ.