ಚೋಕ್ ಹಾಕಿದಾಗ ಮಾತ್ರ ಓಡುವ ಇಂಜಿನ್: ಹುಲ್ಲು ಕತ್ತರಿಸುವ ಯಂತ್ರದ ಮನೆರಿಪೇರಿ

ಧಾರವಾಡದಲ್ಲಿ ಮುಂಗಾರು ಹಿಡಿದ ಮೇಲೆ ಎಡೆಬಿಡದೆ ಬೆಳೆಯುವ ಹುಲ್ಲು ಚಳಿಗಾಲ ಕಳೆಯುವಷ್ಟರಲ್ಲಿ ಒಣಗುತ್ತದೆ, ಅದನ್ನು ಕತ್ತರಿಸುವ ಯಂತ್ರವೂ ಮೂಲೆ ಸೇರುತ್ತದೆ. ಮರುವರ್ಷ ಹೊರತೆಗೆದಾಗ ಇಂಜಿನ್ ಚಾಲೂ ಆಗದಿದ್ದರೆ ರಿಂಗ್, ಪಿಸ್ಟನ್‌ಗಳ ಮೇಲೆ ಸಂಶಯ ಪಡುವ ಮೊದಲು ತಿಂಗಳುಗಟ್ಟಲೆ ನಿಂತ ಪೆಟ್ರೋಲನ್ನು ನೋಡಬೇಕು.

ಪೆಟ್ರೋಲಿನ ಹಗುರ ಅಂಶಗಳು ಆವಿಯಾದ ಮೇಲೆ ಉಳಿದದ್ದು, ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಇಂಜಿನ್ನಿಗೆ ಕಳಿಸುವ ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಅಂಟಾಗುತ್ತದೆ. ಇಂದಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಬೆರೆಸುವ ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರು ಹೆಚ್ಚಾದಾಗ ಅವೆರಡೂ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಇಂಧನವನ್ನು ಅಳೆದು ಬಿಡುವ ಜೆಟ್‌ನ ರಂಧ್ರ ಬಹಳ ಕಿರಿದಾದ್ದರಿಂದ ತೆಳುವಾದ ಅಂಟು ಕೂಡ ಅದನ್ನು ಕಟ್ಟಿಬಿಡುತ್ತದೆ.

ಇಲ್ಲಿ ಒಂದು ಲಕ್ಷಣವನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಬೇಕು. ಚೋಕ್ (ಗಾಳಿಯ ದಾರಿಯ ಮುಚ್ಚಳ) ಹಾಕಿದರೆ ಇಂಜಿನ್ ಓಡುತ್ತದೆ, ತೆಗೆದ ಕೂಡಲೇ ನಿಲ್ಲುತ್ತದೆ. ಚೋಕ್ ಗಾಳಿಯನ್ನು ತಡೆಯುವುದರಿಂದ ಅರ್ಧ ಕಟ್ಟಿದ ಜೆಟ್ ಕೊಡುವ ಅಲ್ಪ ಪೆಟ್ರೋಲೂ ಆ ಗಾಳಿಗೆ ಸಾಕಾಗುತ್ತದೆ. ಚೋಕ್ ತೆಗೆದಾಗ ಗಾಳಿ ಹೆಚ್ಚಿ, ಮಿಶ್ರಣ ತೆಳುವಾಗಿ, ಉರಿಯುವುದೇ ನಿಲ್ಲುತ್ತದೆ. ಹೀಗಿರುವಾಗ ಕಿಡಿ ಕೊಡುವ ಪ್ಲಗ್ ಬದಲಿಸುವುದು ವ್ಯರ್ಥ ಖರ್ಚು.

ಮೊದಲು ಪ್ಲಗ್ಗಿನ ಕ್ಯಾಪ್ ಕಿತ್ತು ಬದಿಗಿಡಬೇಕು. ಬ್ಲೇಡ್ ತಿರುಗಿದರೆ ಇಂಜಿನ್ ಕಿಡಿ ಹೊಡೆಯಬಹುದು, ಆದ್ದರಿಂದ ಈ ಹೆಜ್ಜೆಯನ್ನು ಯಾವ ಅವಸರದಲ್ಲೂ ಬಿಡಬಾರದು. ಪೆಟ್ರೋಲ್ ಕಾಕ್ (ಟ್ಯಾಂಕಿನಿಂದ ಪೆಟ್ರೋಲ್ ಬಿಡುವ ನಲ್ಲಿ) ಮುಚ್ಚಿ, ಬಟ್ಟಲಿನ ತಳದ ಬೋಲ್ಟ್ ಬಿಚ್ಚಬೇಕು. ಕೆಲವು ಇಂಜಿನ್‌ಗಳಲ್ಲಿ ಆ ಬೋಲ್ಟಿನಲ್ಲೇ ಜೆಟ್ ಇರುತ್ತದೆ, ಉಳಿದವುಗಳಲ್ಲಿ ಕಾರ್ಬ್ಯುರೇಟರಿನ ನಡುವಿನ ಕಂಬದೊಳಗೆ. ಹಿತ್ತಾಳೆಯ ಆ ಜೆಟ್ಟನ್ನು ಬೆಳಕಿಗೆ ಹಿಡಿದರೆ ಪೂರ್ಣ ದುಂಡಗಿನ ಚುಕ್ಕೆ ಕಾಣಬೇಕು. ಕಾಣದಿದ್ದರೆ ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ, ವಿದ್ಯುತ್ ತಂತಿಯೊಳಗಿನ ಒಂದೇ ತಾಮ್ರದ ಎಳೆಯಿಂದ ಮೆಲ್ಲಗೆ ಬಿಡಿಸಬೇಕು. ಸೂಜಿ ಚುಚ್ಚಿದರೆ ರಂಧ್ರ ಅಗಲವಾಗಿ ಅಳತೆಯೇ ಕೆಡುತ್ತದೆ.

ಯಂತ್ರವನ್ನು ಓರೆ ಮಾಡುವಾಗ ಏರ್ ಫಿಲ್ಟರ್ ಇರುವ ಬದಿ ಮೇಲಿರಲಿ. ಇಲ್ಲವಾದರೆ ಇಂಜಿನ್ನಿನ ಆಯಿಲ್ ಆ ಏರ್ ಫಿಲ್ಟರಿನೊಳಗೆ ನುಗ್ಗುತ್ತದೆ. ಸ್ಪಂಜಿನ ಫಿಲ್ಟರನ್ನು ಸಾಬೂನು ನೀರಿನಲ್ಲಿ ತೊಳೆದು, ಒಣಗಿಸಿ, ಇಂಜಿನ್ ಆಯಿಲ್ ಸವರಿ ಹಿಂಡಬಹುದು, ಕಾಗದದ್ದನ್ನು ತೊಳೆಯಬಾರದು. ಧೂಳಿನಲ್ಲಿ ಓಡಿಸುವಾಗ ಫಿಲ್ಟರನ್ನು ಪದೇಪದೇ ನೋಡಬೇಕು. ಹೋಂಡಾ ಜಿಎಕ್ಸ್‌ವಿ160 ಇಂಜಿನ್ನಿಗೆ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುವ ಅಂತರ 0.7ರಿಂದ 0.8 ಮಿ.ಮೀ.; ಆಯಿಲ್ ಬದಲಾವಣೆ ಮೊದಲು 20 ಗಂಟೆಗೆ, ಆಮೇಲೆ 100 ಗಂಟೆಗೊಮ್ಮೆ.

ಬ್ಲೇಡ್ ಕಲ್ಲಿಗೆ ಬಡಿದ ನಂತರ ಚಾಲೂ ಮಾಡಲು ಎಳೆದ ಹಗ್ಗವನ್ನು ಇಂಜಿನ್ ಹಿಂದಕ್ಕೆ ಜಗ್ಗುತ್ತಿದ್ದರೆ, ಫ್ಲೈವೀಲನ್ನು (ಇಂಜಿನ್ನಿನ ಭಾರದ ಚಕ್ರ) ಶಾಫ್ಟಿನ ಮೇಲೆ ಸರಿಯಾದ ಜಾಗದಲ್ಲಿ ಹಿಡಿದಿಡುವ ಚಿಕ್ಕ ಲೋಹದ ಕೀ ಅರ್ಧ ತುಂಡಾಗಿ ಕಿಡಿಯ ಸಮಯ ತಪ್ಪಿರುವ ಸಾಧ್ಯತೆ ಇದೆ. ಕಾರ್ಬ್ಯುರೇಟರ್ ಎಷ್ಟು ತೊಳೆದರೂ ಅದು ಸರಿಹೋಗದು.

ಹಂಗಾಮಿನ ಕೊನೆಯ ಕಟಾವಿನ ದಿನ ಟ್ಯಾಂಕ್ ಬರಿದು ಮಾಡಿ, ಕಾಕ್ ಮುಚ್ಚಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿಟ್ಟರೆ ಬಟ್ಟಲಿನಲ್ಲಿ ಅಂಟಾಗಲು ಪೆಟ್ರೋಲ್ ಹೆಚ್ಚೇನೂ ಉಳಿಯುವುದಿಲ್ಲ.